ಕರಿಯ ತೆರೆ, ಬಣ್ಣದ ಅಕ್ಷರ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಿರಿಯರು ಅಕ್ಷರ ತಿದ್ದಿದ್ದು ಕರಿಯ ಪಾಟಿಯ ಮೇಲೆ. ಅವರ ಮೊಮ್ಮಕ್ಕಳು ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬರೆಯುವಾಗ ಮತ್ತೆ ಕರಿಯ ಹಿನ್ನೆಲೆಯನ್ನೇ ಬಯಸುತ್ತಾರೆ. ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳ ದೀಪಗಳಿಗಾಗಿ 1969ರಲ್ಲಿ ಸಹಕಾರ ಸಂಘವೊಂದು ಹುಟ್ಟಿತು. ಈಗ ಆ ದೀಪವನ್ನೂ ಆರಿಸಿ, ಮನೆಮಂದಿ ಮಲಗಿದ ಕೋಣೆಯಲ್ಲೇ ದುಡಿಯಬೇಕಾದವರಿದ್ದಾರೆ. ಬಿಳಿಯ ತೆರೆಯಾದರೆ ಕೂಸಿನ ನಿದ್ದೆಯೂ ಕೆಟ್ಟೀತು, ಕಣ್ಣೂ ಕೋರೈಸೀತು. ಮಗನ ತೆರೆ ಕಪ್ಪಾಗಿರುವುದನ್ನು ಕಂಡು ಯಂತ್ರವೇ ಕೆಟ್ಟಿತೆಂದು ಗಾಬರಿಪಡುವ ತಾಯಂದಿರೂ ಉಂಟು!

ಇದು ಹೊಸ ಶೋಕಿಯೇನೂ ಅಲ್ಲ. ಯಂತ್ರಕ್ಕೆ ಅಕ್ಷರಗಳಲ್ಲೇ ಅಪ್ಪಣೆ ಕೊಡುವ ಸಾಧನಕ್ಕೆ ಟರ್ಮಿನಲ್ ಎಂದು ಹೆಸರು. ಹಿಂದಿನ ಟರ್ಮಿನಲ್ಲುಗಳ ಗಾಜಿನ ಒಳಮೈಗೆ ಬೆಳಗುವ ವಸ್ತುವಿನ ಲೇಪವಿರುತ್ತಿತ್ತು. ಕಪ್ಪಿನ ಮೇಲೆ ಹಸಿರು ಇಲ್ಲವೆ ಕಿತ್ತಳೆ ಅಕ್ಷರ ಮೂಡುತ್ತಿತ್ತು. ಇಂದು ಅದೇ ತೆರೆಗೆ 16 ಬಣ್ಣಗಳು ಬಂದಿವೆ. ತೊಡಕು ಮೊದಲಾಗುವುದೂ ಅಲ್ಲಿಯೇ.

ಬಿಳಿಯನ್ನು ಕಪ್ಪು ಮಾಡಿ, ಕಪ್ಪನ್ನು ಬಿಳಿ ಮಾಡಿದ ಮಾತ್ರಕ್ಕೆ ಕರಿಯ ತೆರೆ ಸಿದ್ಧವಾಗದು. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳುಪಿನ ಹೊಳಪು 21ಕ್ಕೆ 1ರಂತೆ ಇರುತ್ತದೆ. ಕಣ್ಣಿನ ಪಾರದರ್ಶಕ ಪಟಲದ ಬಾಗು ಸಮವಿಲ್ಲದವರಿಗೆ ಅಕ್ಷರಗಳು ಹರಡಿದಂತೆ ಕಾಣುತ್ತವೆ. ಅಚ್ಚ ಹಳದಿಯ ಪ್ರಮಾಣ 19.56, ಅಚ್ಚ ನೀಲಿಯದು ಬರಿಯ 2.44! ಸುಲಭವಾಗಿ ಓದಲು ಕನಿಷ್ಠ 4.5 ಬೇಕೆಂದು ಅಂತರಜಾಲದ ಮಾನಕ ಸಂಸ್ಥೆಯ ವಿಧಿ. ಒಂದು ಬಣ್ಣ ಕೂಗಿದರೆ ಇನ್ನೊಂದು ಪಿಸುಗುಟ್ಟುತ್ತದೆ.

ಗೋಕಾಕದ ಮರದ ಹಣ್ಣುಗಳನ್ನು ನೋಡಿದವರಿಗೆ ಇದರ ಮರ್ಮ ತಿಳಿದೀತು. ಅಲ್ಲಿಯ ಚಿತ್ರಗಾರನ ಕೈಯಲ್ಲಿ ಮಾವಿನ ಹಳದಿ ಬೇರೆ, ನಿಂಬೆಯ ಹಳದಿ ಬೇರೆ. ಡಬ್ಬಿಯಲ್ಲಿದ್ದ ಬಣ್ಣವನ್ನು ಇದ್ದಂತೆಯೇ ಬಳಿದರೆ ಹಣ್ಣು ಹಣ್ಣಾಗದು. ತೆರೆಗೂ ಹಾಗೆಯೇ. ಹಿನ್ನೆಲೆಗೆ ಕಪ್ಪಿಗಿಂತ ತುಸು ತಿಳಿಯಾದ ಬೂದು, ಅಕ್ಷರಕ್ಕೆ ಬಿಳುಪಿಗಿಂತ ತುಸು ಮಾಸಿದ ಬಣ್ಣ, ಉಳಿದವನ್ನು ಹೊಳಪು ಅಳೆದೇ ಆರಿಸಬೇಕು. ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಕೆಂಪು ಹಸಿರುಗಳ ಭೇದ ತೋರದು. ಆದ್ದರಿಂದ ತಪ್ಪಿನ ಕೆಂಪಿಗೂ ಸರಿಯ ಹಸಿರಿಗೂ ಹೊಳಪಿನಲ್ಲಿಯೂ ಅಂತರವಿರಲಿ.

2011ರಲ್ಲಿ ಈಥನ್ ಸ್ಕೂನೋವರ್ ಎಂಬವರು ರಚಿಸಿದ ‘ಸೋಲರೈಸ್ಡ್’ ಹೀಗೆ ಅಳತೆಯಿಂದ ಆಯ್ದ 16 ಬಣ್ಣಗಳ ಹೊಂದಿಕೆ. ಅದರ ಎಂಟು ಬಣ್ಣಗಳು ಕರಿಯ ತೆರೆಗೂ ತಿಳಿಯ ತೆರೆಗೂ ಒಂದೇ. ಮೆಚ್ಚತಕ್ಕದ್ದೇ. ಆದರೆ ನಮ್ಮ ಕನ್ನಡಿಗನಿಗೆ ಅಲ್ಲೊಂದು ಕೊರತೆಯಿದೆ.

ಪ್ರೋಗ್ರಾಮಿನ ಆಜ್ಞೆಗಳೆಲ್ಲ ಬಹುಪಾಲು ಇಂಗ್ಲಿಷಿನಲ್ಲಿ. ಬರೆದವನು ತನ್ನ ನುಡಿಯಲ್ಲಿ ಮಾತಾಡಬಹುದಾದ ಮುಖ್ಯ ಎಡೆ ಟಿಪ್ಪಣಿ. ಯಂತ್ರ ಅದನ್ನು ಓದದೆ ದಾಟುತ್ತದೆ. ಅದೇ ಕಾರಣಕ್ಕೆ ಬಣ್ಣ ಕೂಡಿಸುವವರು ಟಿಪ್ಪಣಿಗೆ ಎಲ್ಲಕ್ಕಿಂತ ಮಂಕಾದ ಬೂದನ್ನು ಕೊಡುವುದು ವಾಡಿಕೆ. ಸೋಲರೈಸ್ಡಿನ ಕರಿಯ ತೆರೆಯಲ್ಲಿ ಅದರ ಪ್ರಮಾಣ ಸುಮಾರು 2.8 ಮಾತ್ರ. ಎಂದರೆ, ಕನ್ನಡ ಬಂದು ಕೂರುವ ಮುಖ್ಯ ಜಾಗಕ್ಕೆ ಅತಿ ಮಬ್ಬು ಬೆಳಕು! ದಕಾರ ಧಕಾರಗಳ ಭೇದ ಕೆಳಗಿನ ಒಂದು ಸೀಳು. ಪಕಾರ ಷಕಾರಗಳದು ಒಂದು ಗೆರೆ. ಇನ್ನು ಒತ್ತಕ್ಷರಗಳೋ, ಅಕ್ಷರದ ಅಡಿಯಲ್ಲಿ ಚಿಕ್ಕದಾಗಿ ಮುದುಡಿರುತ್ತವೆ. ಕಪ್ಪಿನ ಮೇಲೆ ಬೆಳಕಿನ ಗೆರೆ ದಪ್ಪವಾಗಿ ತೋರುವುದರಿಂದ ಈ ಸಂದುಗಳು ಮುಚ್ಚಿಕೊಳ್ಳುತ್ತವೆ.

ಆದ್ದರಿಂದ ತನ್ನದೇ ಹೊಂದಿಕೆ ಕಟ್ಟಬಯಸುವ ತರುಣನು ಮೊದಲು ಟಿಪ್ಪಣಿಯ ಬಣ್ಣವನ್ನು 4.5ಕ್ಕೆ ಏರಿಸಲಿ, ಅಕ್ಷರವನ್ನು ಒಂದು ಅಳತೆ ಹಿಗ್ಗಿಸಲಿ, ‘ಹುಕ್ಕೇರಿ’ಯ ಒತ್ತು, ‘ರಾಷ್ಟ್ರ’ದ ಎರಡು ಒತ್ತುಗಳು ತೋಳಳತೆಯ ದೂರದಿಂದ ಬಿಡಿಯಾಗಿ ಕಾಣುತ್ತವೆಯೇ ಎಂದು ನೋಡಲಿ. ಹಗಲು ಕಿಟಕಿ ತೆರೆದಾಗ ಓದಲು ತಿಳಿಯ ಹಿನ್ನೆಲೆಯೇ ಹಿತ. ಅದಕ್ಕೊಂದು ಜೋಡಿಯನ್ನೂ ಆಗಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.