ಓಲೆಯೇ ಕತ್ತರಿಯಾದ ಬಗೆ

ಜೀವಕೋಶದಲ್ಲಿ ದುಡಿಯುವುದು ಪ್ರೋಟೀನು, ಓಲೆ ಹೊರುವುದು ಆರ್‌ಎನ್‌ಎ ಎಂದು ಬಹುಕಾಲ ನಂಬಲಾಗಿತ್ತು. ಕಿಣ್ವಗಳೆಲ್ಲ ಪ್ರೋಟೀನುಗಳೇ ಎಂಬುದು ಪಠ್ಯಪುಸ್ತಕದ ಮಾತು. 1982ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಥಾಮಸ್ ಚೆಕ್ ಅವರ ತಂಡವು, ಟೆಟ್ರಾಹೈಮೆನಾ ಎಂಬ ಏಕಕೋಶಜೀವಿಯ ಆರ್‌ಎನ್‌ಎ ಒಂದು ಪ್ರೋಟೀನಿನ ನೆರವಿಲ್ಲದೆಯೇ ತನ್ನ ನಡುವಣ ತುಂಡನ್ನು ಕತ್ತರಿಸಿ, ಉಳಿದ ತುದಿಗಳನ್ನು ಬೆಸೆದುಕೊಳ್ಳುವುದನ್ನು ತೋರಿಸಿತು. ಮರುವರ್ಷ ಯೇಲ್‌ನ ಸಿಡ್ನಿ ಆಲ್ಟ್‌ಮನ್ ಮತ್ತು ಸಂಗಡಿಗರು ಇನ್ನೊಂದು ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಎಯನ್ನೇ ತೋರಿಸಿದರು. 1989ರ ರಸಾಯನಶಾಸ್ತ್ರದ ನೊಬೆಲ್ ಚೆಕ್, ಆಲ್ಟ್‌ಮನ್ ಇಬ್ಬರಿಗೂ ಸಂದಿತು. ಇಂಥ ಆರ್‌ಎನ್‌ಎಗೆ ರೈಬೊಜೈಮ್ ಎಂದು ಹೆಸರು.

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ವಿಷಯ ಒಲಿದುದು ಅಕ್ಷರಗಳ ದಾರಿಯಿಂದ. ಆರ್‌ಎನ್‌ಎಯ ವರ್ಣಮಾಲೆಯಲ್ಲಿ ಇರುವುವು ನಾಲ್ಕೇ: ಎ, ಯು, ಜಿ, ಸಿ. ನಮ್ಮ ಆದಿಪ್ರಾಸದಲ್ಲಿ ಅದೇ ವ್ಯಂಜನ ಮರಳಿ ಬರಬೇಕು; ಇಲ್ಲಿ ಜೊತೆಗಾರ ಬರಬೇಕು. ಎ ಎದುರಿಗೆ ಯು, ಜಿ ಎದುರಿಗೆ ಸಿ. ಗುರುತಿಸುವಿಕೆಯ ಗುಟ್ಟೆಲ್ಲ ಬಹುಮಟ್ಟಿಗೆ ಇಷ್ಟೇ.

ರೈಬೊಜೈಮ್‌ಗಳಲ್ಲಿ ಪುಟ್ಟದೊಂದು, ಸಸ್ಯರೋಗಗಳ ಆರ್‌ಎನ್‌ಎಗಳಲ್ಲಿ ಕಂಡುಬಂದದ್ದು, ಸುತ್ತಿಗೆತಲೆಯದು. 1988ರಲ್ಲಿ ಆಸ್ಟ್ರೇಲಿಯಾದ ಹ್ಯಾಸೆಲಾಫ್ ಮತ್ತು ಗೆರ್ಲಾಕ್ ಇದರ ಕತ್ತರಿಸುವ ಭಾಗವನ್ನು ಬೇರ್ಪಡಿಸಿ, ಬೇಕಾದ ಗುರಿಗೆ ಒಪ್ಪುವ ತೋಳುಗಳನ್ನು ಅದಕ್ಕೆ ಹೊಂದಿಸಿದರು. ಗುರಿಯಲ್ಲಿ ಜಿ-ಯು-ಸಿಯಂತಹ ಅಕ್ಷರಗುಂಪೊಂದು ಇರಬೇಕು. ಅದರ ಎರಡು ಮಗ್ಗುಲನ್ನೂ ತೋಳುಗಳು ಜೋಡಿಯಕ್ಷರಗಳಿಂದ ಹಿಡಿಯುತ್ತವೆ. ನಡುವಣ ಗರ್ಭ ಮಡಿಚಿಕೊಳ್ಳುತ್ತದೆ. ಆಗ ಸಿಯ ಸಕ್ಕರೆಯಲ್ಲಿರುವ ಆಮ್ಲಜನಕವೇ ಪಕ್ಕದ ಫಾಸ್ಫೇಟನ್ನು ಎದುರಿಸುತ್ತದೆ, ಬಂಧ ಮುರಿಯುತ್ತದೆ. ಅಲಗು ಹೊರಗಿನಿಂದ ಬರುವುದಿಲ್ಲ, ಗುರಿಯಲ್ಲೇ ಅಡಗಿದೆ! ಆ ಆಮ್ಲಜನಕವಿಲ್ಲದ ಡಿಎನ್‌ಎಯನ್ನು ಇದು ಹೀಗೆ ಕತ್ತರಿಸಲಾರದು.

ತೋಳು ಉದ್ದವಾದಷ್ಟೂ ಆಯ್ಕೆ ಕರಾರುವಾಕ್ಕಾದೀತೆಂದು ನಾನು ಮೊದಲು ತಿಳಿದಿದ್ದೆ. ನಿಜ ತಿರುವುಮುರುವು. ನೀಳ ತೋಳು ಕತ್ತರಿಸಿದ ತುಂಡನ್ನೂ ಬಿಡದೆ ಅಪ್ಪಿಕೊಂಡಿರುತ್ತದೆ. ಮುಂದಿನ ಗುರಿಗೆ ಬಿಡುವಾಗುವುದಿಲ್ಲ. ಒಂದಕ್ಷರ ತಪ್ಪಿದ ಅಪರಿಚಿತನನ್ನು ಸಹ ಅದು ಬಿಗಿಯಾಗಿ ಹಿಡಿದು ಕತ್ತರಿಸಿಬಿಡುತ್ತದೆ. ತೀರಾ ಗಿಡ್ಡ ತೋಳಾದರೋ, ಅದೇ ಅಕ್ಷರಸಾಲು ಬೇರೆ ಸಂದೇಶಗಳಲ್ಲೂ ದೊರೆತೀತು.

ಇದು ಬರಿಯ ಪಂಡಿತರ ತರ್ಕವಲ್ಲ. ಏಡ್ಸ್ ವೈರಾಣುವಿನ ಆರ್‌ಎನ್‌ಎಯನ್ನು ಹೀಗೆ ತುಂಡರಿಸುವ ಆಸೆಯಿಂದ ರೋಗಿಗಳಲ್ಲೂ ಪ್ರಯೋಗಗಳು ನಡೆದವು. ತಪ್ಪು ಓಲೆ ಹರಿದರೆ ನಷ್ಟ ರೋಗಿಯದೇ. ರೂಢಿಯ ಔಷಧವಾಗಿ ಅದು ನೆಲೆಯೂರಲಿಲ್ಲ. ಗಾಜಿನ ನಳಿಗೆಯಲ್ಲಿ ಗುರಿ ಬಿಡಿಸಿಟ್ಟ ದಾರದಂತೆ ಎದುರಾಗಬಹುದು; ಜೀವಕೋಶದಲ್ಲಾದರೋ ಅದು ಸುತ್ತಿ, ಮಡಿಚಿ, ಪ್ರೋಟೀನುಗಳನ್ನು ಹೊದ್ದು ಕುಳಿತಿರುತ್ತದೆ. ಬೇಕಾದ ಜಿ-ಯು-ಸಿ ಒಳಮಡಿಕೆಯಲ್ಲಿದ್ದರೆ ತೋಳುಗಳಿಗೆ ಎಟುಕದು. ಆದುದರಿಂದ ಪ್ರಯೋಗಶಾಲೆಯವರು ಒಂದೇ ಸಂದೇಶದ ಹಲವಾರು ತಾಣಗಳನ್ನು ತಡವಿ, ಯಾವುದು ಹೊರಮೈಯಲ್ಲಿದೆಯೆಂದು ಮೊದಲು ಹುಡುಕಬೇಕಾಗುತ್ತದೆ.