ಗೇಣಿ ನಿಂತ ಮೇಲೆ

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯಲ್ಲಿರುವ ಚಾಟ್ಸ್‌ವರ್ತ್ ಮಹಲಿನ ಚಾವಣಿ ಒಂದೇ 1 ಎಕರೆ 12 ಗುಂಟೆಯಷ್ಟಿದೆ. ನಮ್ಮಲ್ಲಿ ಅಷ್ಟು ನೆಲ ನಂಬಿಕೊಂಡು ಸಂಸಾರ ಮಾಡುವವರಿದ್ದಾರೆ. ಆ ಚಾವಣಿಗೆ ಹೊದಿಸಿದ ಸೀಸದ ತಗಡು ಎಲ್ಲಿ ಬಿರಿದರೂ ಕೆಳಗಿನ ಚಿತ್ರ, ಕೆತ್ತನೆ, ರೇಷ್ಮೆ ಕೆಡಲು ಒಂದು ಮಳೆಗಾಲ ಸಾಕು. ದೊಡ್ಡ ಮನೆಗಳ ಚರಿತ್ರೆ ಓದುವವರು ಸಾಮಾನ್ಯವಾಗಿ ಮುಂಬಾಗಿಲಿನಿಂದ ಒಳಗೆ ಹೋಗುತ್ತಾರೆ. ಚಾವಣಿಯಿಂದ ಇಳಿಯುವುದು ವಾಸಿ. ಅದನ್ನು ರಿಪೇರಿ ಮಾಡಿಸಲು ದುಡ್ಡು ಎಲ್ಲಿಂದ ಬರುತ್ತಿತ್ತು, ಯಾವಾಗ ನಿಂತಿತು ಎಂದು ಕೇಳಿದರೆ ಉಳಿದ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಇಂಗ್ಲಿಷರು ಕಂಟ್ರಿ ಹೌಸ್ ಎಂದು ಕರೆಯುವ ಈ ಹಳ್ಳಿಗಾಡಿನ ಮಹಲುಗಳು ರಾಜನ ಅರಮನೆಗಳಲ್ಲ, ಅವಕ್ಕೆ ಬೊಕ್ಕಸವಿರಲಿಲ್ಲ. ಸುತ್ತಲಿನ ಜಮೀನು, ಅದನ್ನು ಉಳುವ ಒಕ್ಕಲು, ಅವರು ತೆರುವ ಗೇಣಿ, ಇಷ್ಟೇ ಆಧಾರ. 1870ರ ದಶಕದಲ್ಲಿ ಸರ್ಕಾರ ಭೂಮಾಲೀಕರ ಗಣತಿ ಮಾಡಿಸಿದಾಗ ಬ್ರಿಟನ್ನಿನ ಐದರಲ್ಲಿ ನಾಲ್ಕು ಪಾಲು ನೆಲ ಏಳು ಸಾವಿರಕ್ಕೂ ಕಡಿಮೆ ಜನರ ಕೈಯಲ್ಲಿರುವುದು ಬಯಲಾಯಿತು. ಆಸ್ತಿಯೆಲ್ಲ ಹಿರಿಯ ಮಗನಿಗೇ ಹೋಗುತ್ತಿದ್ದುದರಿಂದ ಎಸ್ಟೇಟುಗಳು ಹಿಸೆಯಾಗದೆ ತಲೆಮಾರಿನಿಂದ ತಲೆಮಾರಿಗೆ ಇಡಿಯಾಗಿ ದಾಟಿದ್ದವು. ಕಿರಿಯ ಮಕ್ಕಳು ಸೈನ್ಯಕ್ಕೋ ಚರ್ಚಿಗೋ ಹೋದರು, ಕೆಲವರು ನಮ್ಮ ಕಡೆಗೂ ಹಡಗು ಹತ್ತಿದರು.

ಇಂಥ ಮಹಲುಗಳನ್ನು ನೋಡಲು ಹೋಗುವ ಚಟ ಹೊಸದೇನಲ್ಲ. ಹದಿನೆಂಟನೆಯ ಶತಮಾನದಲ್ಲೇ ಮರ್ಯಾದಸ್ಥರಂತೆ ಕಾಣುವ ಯಾರಾದರೂ ಬಾಗಿಲು ತಟ್ಟಿದರೆ ಮನೆಯ ಮೇಲ್ವಿಚಾರಕಿ ಕೋಣೆಗಳನ್ನು ತೋರಿಸಿ ಭಕ್ಷೀಸು ತೆಗೆದುಕೊಳ್ಳುತ್ತಿದ್ದಳು. ಜೇನ್ ಆಸ್ಟಿನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ನಾಯಕಿ ಡಾರ್ಸಿಯ ಮನೆಯನ್ನು ನೋಡುವುದೂ ಹೀಗೆಯೇ. ಲಂಡನ್ ಸಮೀಪದ ಸ್ಟ್ರಾಬೆರಿ ಹಿಲ್‌ನಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಸಾಹಿತಿ ಕಟ್ಟಿಸಿದ ಮನೆಗೆ ಎಷ್ಟು ಜನ ನುಗ್ಗಿದರೆಂದರೆ, ಆತ ಚೀಟಿ ಅಚ್ಚು ಹಾಕಿಸಿ, ದಿನಕ್ಕೆ ನಾಲ್ಕೇ ಜನ, ಮಕ್ಕಳಿಗೆ ಪ್ರವೇಶವಿಲ್ಲ ಎಂದು ನಿಯಮ ಮಾಡಿದ. ಭಕ್ಷೀಸಿನಿಂದ ಮೇಲ್ವಿಚಾರಕಿ ಇಷ್ಟು ಗಳಿಸುತ್ತಿದ್ದಾಳೆ, ಅವಳನ್ನೇ ಮದುವೆಯಾಗುವುದು ಲೇಸು ಎಂದು ಗೆಳೆಯರಿಗೆ ತಮಾಷೆಯಾಗಿ ಬರೆದದ್ದೂ ಉಂಟು. ಗಮನಿಸಬೇಕಾದದ್ದು, ಆಗ ಆ ದುಡ್ಡು ಮೇಲ್ವಿಚಾರಕಿಯ ಜೇಬಿಗೆ ಹೋಗುತ್ತಿತ್ತು. ಯಜಮಾನನಿಗೆ ಅದು ಬೇಕಿರಲಿಲ್ಲ.

ಬೇಕಾಗುವ ಕಾಲ ಬಂದದ್ದು ಅಮೆರಿಕದ ಗೋಧಿಯಿಂದ. 1870ರ ದಶಕದ ಕೊನೆಯಿಂದ ರೈಲು ಮತ್ತು ಆವಿಹಡಗುಗಳು ಅಲ್ಲಿನ ಬಯಲುಸೀಮೆಯ ಧಾನ್ಯವನ್ನು ಅಗ್ಗವಾಗಿ ಲಿವರ್‌ಪೂಲಿಗೆ ತಂದು ಸುರಿದವು. 1890ರ ದಶಕದ ನಡುವಿಗೆ ಇಂಗ್ಲೆಂಡಿನಲ್ಲಿ ಗೋಧಿಯ ಧಾರಣೆ ಅರ್ಧಕ್ಕೂ ಕೆಳಗೆ ಕುಸಿದಿತ್ತು. ಒಕ್ಕಲುಗಳು ಗೇಣಿ ಕೊಡಲಾರದೆ ಜಮೀನು ಬಿಟ್ಟರು. ಪಿತ್ರಾರ್ಜಿತವನ್ನು ಮಾರಲು ಇದ್ದ ಕಟ್ಟುಪಾಡನ್ನು 1882ರ ಕಾನೂನು ಸಡಿಲಿಸಿತು, ಅದೇ ವರ್ಷ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಅರಮನೆಯ ಚಿತ್ರ, ಪೀಠೋಪಕರಣಗಳು ಹರಾಜಾದವು. ಕೆಲವರು ಅಮೆರಿಕದ ಸಿರಿವಂತರ ಮನೆಯಿಂದಲೇ ಹೆಣ್ಣು ತಂದರು. 1895ರಲ್ಲಿ ಮಾರ್ಲ್‌ಬರೋ ಡ್ಯೂಕ್‌ನನ್ನು ಮದುವೆಯಾದ ಕಾನ್ಸ್ಯುಯೆಲೊ ವಾಂಡರ್‌ಬಿಲ್ಟ್ 25 ಲಕ್ಷ ಡಾಲರ್ ಬೆಲೆಯ ರೈಲ್ವೆ ಷೇರುಗಳೊಂದಿಗೆ ಬ್ಲೆನ್‌ಹೈಮ್ ಮಹಲಿಗೆ ಬಂದಳು. ಗೋಧಿ ಹೊತ್ತು ತಂದು ಗೇಣಿ ಕಸಿದ ರೈಲು, ವರದಕ್ಷಿಣೆಯಾಗಿ ಒಂದಿಷ್ಟನ್ನು ಹಿಂತಿರುಗಿಸಿತು ಎನ್ನಬಹುದು.

ಎರಡನೆಯ ಪೆಟ್ಟು ತೆರಿಗೆ. ಸತ್ತವನ ಆಸ್ತಿಯ ಮೇಲೆ 1894ರಲ್ಲಿ ಹೇರಿದ ಎಸ್ಟೇಟ್ ಡ್ಯೂಟಿಯ ಗರಿಷ್ಠ ದರ ಮೊದಲಿಗೆ ಶೇ 8. ಮೊದಲ ಮಹಾಯುದ್ಧ ಮುಗಿದ ಮೇಲೆ ಅದು ಶೇ 40 ಆಯಿತು, ಎರಡನೆಯದರ ನಂತರ ಶೇ 80ಕ್ಕೆ ಮುಟ್ಟಿತು. (ಇದೇ ಹೆಸರಿನ ತೆರಿಗೆ ಭಾರತದಲ್ಲೂ 1953ರಿಂದ 1985ರವರೆಗೆ ಇತ್ತು.) ಯುದ್ಧದಲ್ಲಿ ತಂದೆಯ ಹಿಂದೆಯೇ ಮಗನೂ ಸತ್ತ ಮನೆಗಳ ಮೇಲೆ ತೆರಿಗೆ ಒಂದರ ಬೆನ್ನಿಗೊಂದು ಬಿತ್ತು. ಚಾಟ್ಸ್‌ವರ್ತ್‌ನ ಹಿರಿಯ ಕುವರ 1944ರಲ್ಲಿ ಬೆಲ್ಜಿಯಂನಲ್ಲಿ ಮಡಿದ. ಎರಡು ವರ್ಷದ ಮೇಲೆ ಅವನ ತಂದೆ, ಹತ್ತನೆಯ ಡೆವನ್‌ಶೈರ್ ಡ್ಯೂಕ್, ಆಸ್ತಿಯ ಬಹುಪಾಲನ್ನು ತನ್ನ ಹೆಸರಿನಿಂದ ಬಿಡಿಸಿ ವರ್ಗಾಯಿಸಿದ. ಹಾಗೆ ಮಾಡಿ ಐದು ವರ್ಷ ಬದುಕಿದ್ದರೆ ತೆರಿಗೆ ತಪ್ಪುತ್ತಿತ್ತು. ಐದು ತುಂಬಲು ಕೆಲವೇ ವಾರಗಳಿರುವಾಗ, 1950ರ ನವೆಂಬರ್‌ನಲ್ಲಿ, 55ರ ವಯಸ್ಸಿನಲ್ಲಿ ತೀರಿಕೊಂಡ.

ತೆರಿಗೆ ತೀರಿಸಲು ಸಾವಿರಾರು ಎಕರೆ ಜಮೀನು ಹೋಯಿತು. ದೊರೆ ಎಂಟನೆಯ ಹೆನ್ರಿಯ ಚಿತ್ರಕ್ಕೆಂದು ಚಿತ್ರಕಾರ ಹೋಲ್ಬೈನ್ ಬರೆದ ಕರಡು, ಒಂದು ರೆಂಬ್ರಾಂಟ್, ಒಂದು ಮೆಮ್ಲಿಂಗ್ ಲಂಡನ್ನಿನ ಸಂಗ್ರಹಾಲಯಗಳಿಗೆ ಹೋದವು. ಕುಟುಂಬದ ಇನ್ನೊಂದು ಮಹಲು, ಹದಿನಾರನೆಯ ಶತಮಾನದ ಹಾರ್ಡ್‌ವಿಕ್ ಹಾಲ್, 1959ರಲ್ಲಿ ನಾಡಿನ ಪರಂಪರೆ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸೇರಿತು. ಲೆಕ್ಕ ಚುಕ್ತಾ ಆಗಲು ಒಂದೂವರೆ ದಶಕಕ್ಕೂ ಹೆಚ್ಚು ಹಿಡಿಯಿತು. ಅನ್ಯಾಯ ಎಂದು ಮರುಗುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಮನೆಯ ಗೋಡೆಯ ಮೇಲಿದ್ದ ಹೋಲ್ಬೈನ್ ಊರಿನ ಗೋಡೆಗೆ ಬಂತು, ಮಹಲೂ ಉಳಿಯಿತು. ಮರುಗಬೇಕಾದದ್ದು ಉಳಿಯದವುಗಳ ಬಗ್ಗೆ.

ಅವು ಸಾವಿರಕ್ಕೂ ಹೆಚ್ಚು. ಸ್ಟಾಫರ್ಡ್‌ಶೈರಿನ ಟ್ರೆಂಥಮ್ ಹಾಲ್‌ನ ಮುಂದಿನ ನದಿಗೆ ಕುಂಬಾರಿಕೆ ಕಾರ್ಖಾನೆಗಳ ಊರುಗಳ ಕೊಳಚೆ ಸೇರಿ ವಾಸನೆ ತಡೆಯಲಾಗದಾಯಿತು. ಮನೆಯನ್ನು ಸಾರ್ವಜನಿಕರಿಗೆ ಕೊಡುತ್ತೇನೆಂದರೂ ಯಾರೂ ತೆಗೆದುಕೊಳ್ಳಲಿಲ್ಲ, 1912ರಲ್ಲಿ ಕೆಡವಿಸಿದರು. ಕೆಡವುವುದೂ ಒಂದು ಕಸುಬಾಗಿತ್ತು. ಗುತ್ತಿಗೆದಾರ ಮೊದಲು ಚಾವಣಿಯ ಸೀಸ ಬಿಚ್ಚುತ್ತಿದ್ದ, ಆಮೇಲೆ ಓಕ್ ಮರದ ಹಲಗೆ, ಅಗ್ಗಿಷ್ಟಿಕೆಯ ಅಮೃತಶಿಲೆ, ಮೆಟ್ಟಿಲು. 1927ರಲ್ಲಿ ಬಿದ್ದ ಕ್ಯಾಸಿಯೊಬರಿ ಮಹಲಿನ ಕೆತ್ತನೆಯ ಮೆಟ್ಟಿಲು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸಟನ್ ಸ್ಕಾರ್ಸ್‌ಡೇಲ್ ಮಹಲಿನ ಕೋಣೆಗಳು ಫಿಲಡೆಲ್ಫಿಯಾಕ್ಕೆ ಹೋದವು. ಒಂದು ಕೋಣೆಯಂತೂ ಪತ್ರಿಕಾ ದೊರೆ ಹರ್ಸ್ಟ್‌ನ ಕೈ ಸೇರಿ, ಹಾಲಿವುಡ್ ಸಿನಿಮಾಕ್ಕೆ ಸೆಟ್ಟಾಗಿ, ಕೊನೆಗೆ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿ ನೆಲೆಯಾಯಿತು. ಡರ್ಬಿಶೈರಿನ ದಿಬ್ಬದ ಮೇಲೆ ಉಳಿದಿರುವುದು ಸೂರಿಲ್ಲದ ಕಲ್ಲಿನ ಚಿಪ್ಪು. ಅದಕ್ಕೆ ಟಿಕೆಟ್ಟಿಲ್ಲ, ಒಂದು ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಮಹಲು ಅದೇ. ಎರಡನೆಯ ಯುದ್ಧದಲ್ಲಿ ಸೈನ್ಯ ಬಿಡಾರ ಹೂಡಿ ಹಾಳುಗೆಡವಿ ಬಿಟ್ಟುಹೋದ ಮನೆಗಳು 1950ರ ದಶಕದಲ್ಲಿ ಒಂದರ ಹಿಂದೊಂದು ನೆಲಸಮವಾದವು. ಮಾಲೀಕ ತನ್ನ ಮನೆ ಕೆಡವಬಾರದೆಂದು ತಡೆಯುವ ಬಿಗಿ ಕಾನೂನು ಬಂದದ್ದು 1968ರಲ್ಲಿ. ಆ ಹೊತ್ತಿಗೆ ಹೋಗುವುದು ಹೋಗಿತ್ತು.

ಕಲ್ಲಿದ್ದಲಿನ ಕಥೆ ಬೇರೆಯೇ ಬಗೆಯದು. ಹ್ಯಾಮಿಲ್ಟನ್ ಡ್ಯೂಕರಿಗೆ ಜಮೀನಿನಡಿಯ ಕಲ್ಲಿದ್ದಲಿನಿಂದ ರಾಜಧನ ಬರುತ್ತಿತ್ತು. ಗಣಿ ಅರಮನೆಯ ಬುಡಕ್ಕೇ ಬಂದು ಅಡಿಪಾಯ ಕುಸಿಯತೊಡಗಿದ್ದರಿಂದ 1920ರ ದಶಕದಲ್ಲಿ ಅದನ್ನೇ ಕೆಡವಬೇಕಾಯಿತು. ವೇಲ್ಸಿನ ಅರ್ಡಿಗ್ ಮಹಲೂ ಗಣಿಯಿಂದ ಜಗ್ಗಿತ್ತು. 1973ರಲ್ಲಿ ಕೊನೆಯ ಯಜಮಾನ ಅದನ್ನು ನ್ಯಾಷನಲ್ ಟ್ರಸ್ಟಿಗೆ ಕೊಟ್ಟ, ಕಲ್ಲಿದ್ದಲು ಮಂಡಳಿ ಪರಿಹಾರ ತೆತ್ತಿತು, ಮನೆ ಎದ್ದು ನಿಂತಿತು. ಅರ್ಡಿಗ್‌ನಲ್ಲಿ ನೋಡಬೇಕಾದದ್ದು ಆಳುಗಳ ಚಿತ್ರಗಳು. ಮನೆಯ ಒಡೆಯರಾದ ಯಾರ್ಕ್ ಮನೆತನದವರು ಹದಿನೆಂಟನೆಯ ಶತಮಾನದಿಂದಲೂ ತಮ್ಮ ಬಡಗಿ, ಅಡುಗೆಯವಳು, ತೋಟದವನು ಇವರ ಚಿತ್ರ ಬರೆಸಿ, ಪಕ್ಕದಲ್ಲಿ ತಾವೇ ಹೊಸೆದ ಪದ್ಯ ಸೇರಿಸಿ ತೂಗುಹಾಕಿದ್ದರು. ಪದ್ಯಗಳು ಅಷ್ಟಕ್ಕಷ್ಟೇ. ಆದರೆ ದುಡಿದವರ ಮುಖ ಗೋಡೆಯ ಮೇಲೆ ಉಳಿದಿರುವ ದೊಡ್ಡಮನೆಗಳು ಎಷ್ಟಿವೆ? ಇಲ್ಲಿ ನೋಡಲು ಬಂದವರನ್ನು ಒಳಗೆ ಬಿಡುವುದೂ ಮುಂಬಾಗಿಲಿನಿಂದಲ್ಲ, ಹಿತ್ತಿಲ ಕಡೆಯ ಕೆಲಸದ ಅಂಗಳಗಳಿಂದ.

ನ್ಯಾಷನಲ್ ಟ್ರಸ್ಟ್ 1895ರಲ್ಲಿ ಹುಟ್ಟಿದ್ದು ಬೆಟ್ಟ, ಬಯಲು, ಕಡಲತೀರಗಳನ್ನು ಕಾಪಾಡಲು. ಮಹಲುಗಳ ಕಡೆಗೆ ಅದು ತಿರುಗಿದ್ದು ಲೋಥಿಯನ್ ಪ್ರಭು 1934ರಲ್ಲಿ ಮಾಡಿದ ಭಾಷಣದ ನಂತರ. 1937ರ ಕಾಯಿದೆ ಒಂದು ಏರ್ಪಾಟು ಮಾಡಿಕೊಟ್ಟಿತು: ಮನೆಯನ್ನು ಟ್ರಸ್ಟಿಗೆ ಬರೆದುಕೊಟ್ಟರೆ ತೆರಿಗೆಯಿಲ್ಲ, ಕುಟುಂಬ ಒಂದು ಭಾಗದಲ್ಲಿ ಇರಬಹುದು, ಕೆಲವು ದಿನ ಜನರಿಗೆ ಬಾಗಿಲು ತೆರೆಯಬೇಕು. ಆದರೆ ಬರೀ ಮನೆ ಕೊಟ್ಟರೆ ಟ್ರಸ್ಟ್ ಸುಲಭವಾಗಿ ಒಪ್ಪುತ್ತಿರಲಿಲ್ಲ. ಜತೆಗೆ ಅದನ್ನು ಸಾಕುವಷ್ಟು ಜಮೀನೋ ದುಡ್ಡೋ ದತ್ತಿಯಾಗಿ ಬರಬೇಕಿತ್ತು. ದೇವಸ್ಥಾನಕ್ಕೆ ಉಂಬಳಿ ಬಿಟ್ಟಂತೆ. ಲೋಥಿಯನ್ ಪ್ರಭುವೇ 1940ರಲ್ಲಿ ಸಾಯುವಾಗ ನಾರ್ಫಕ್‌ನ ತನ್ನ ಬ್ಲಿಕ್ಲಿಂಗ್ ಮಹಲನ್ನು ಜಮೀನಿನ ಸಮೇತ ಟ್ರಸ್ಟಿಗೆ ಬಿಟ್ಟುಹೋದ.

ಟ್ರಸ್ಟಿಗೆ ಕೊಡಲು ಮನಸ್ಸಿಲ್ಲದವರು ಟಿಕೆಟ್ ಹರಿದರು. ಬಾತ್ ಮಾರ್ಕ್ವಿಸ್ 1949ರಲ್ಲಿ ತನ್ನ ಲಾಂಗ್‌ಲೀಟ್ ಮಹಲಿನ ಬಾಗಿಲು ತೆರೆದು ತಲೆಗೆ ಎರಡೂವರೆ ಷಿಲಿಂಗ್ ಇಟ್ಟ. 1966ರಲ್ಲಿ ತೋಪಿನೊಳಗೆ ಸಿಂಹಗಳನ್ನೇ ಬಿಟ್ಟು ಕಾರಿನಲ್ಲಿ ಕುಳಿತು ನೋಡುವ ಸಫಾರಿ ಮಾಡಿದ. ಸರೀಕರು ಮೂಗು ಮುರಿದರು, ಟಿಕೆಟ್ ಮಾತ್ರ ಖರ್ಚಾಯಿತು. ಮೇಲ್ವಿಚಾರಕಿಯ ಭಕ್ಷೀಸು ಕೊನೆಗೂ ಯಜಮಾನನ ಕೈಗೆ ಬಂದಿತ್ತು.

ಜನಾಭಿಪ್ರಾಯ ತಿರುಗಿದ್ದು 1974ರಲ್ಲಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅಳಿದ ಮಹಲುಗಳದೇ ಒಂದು ಪ್ರದರ್ಶನ ಏರ್ಪಡಿಸಿತು. ಉರುಳುತ್ತಿರುವ ಕಂಬಗಳ ನಡುವೆ ಫೋಟೋಗಳು, ಹಿನ್ನೆಲೆಯಲ್ಲಿ ಕಳೆದುಹೋದ ಮನೆಗಳ ಹೆಸರನ್ನು ಓದುತ್ತಾ ಹೋಗುವ ಧ್ವನಿ. ಮೂರು ವರ್ಷದ ಮೇಲೆ ಸರ್ಕಾರಕ್ಕೆ ಪರೀಕ್ಷೆ ಬಂತು. ರಾತ್‌ಶೀಲ್ಡ್ ಮನೆತನದ ಸಂಪತ್ತಿನಿಂದ ಎದ್ದ ಮೆಂಟ್‌ಮೋರ್ ಮಹಲನ್ನು ಒಳಗಿನ ಸಕಲ ವಸ್ತುಗಳ ಸಹಿತ 20 ಲಕ್ಷ ಪೌಂಡಿಗೆ ಕೊಡುತ್ತೇವೆಂದು ವಾರಸುದಾರರು ಕೇಳಿದರು. ಸರ್ಕಾರ ಮೀನಮೇಷ ಎಣಿಸಿತು. 1977ರ ಹರಾಜಿನಲ್ಲಿ ವಸ್ತುಗಳೇ 60 ಲಕ್ಷ ದಾಟಿದವು. ಯಾರದೋ ಹೆಸರಿನಲ್ಲಿ 8 ಸಾವಿರಕ್ಕೆ ಬಿಕರಿಯಾದ ಒಂದು ಚಿತ್ರ ಫ್ರೆಂಚ್ ಚಿತ್ರಕಾರ ಫ್ರಾಗೊನಾರ್‌ನದೆಂದು ಗೊತ್ತಾಗಿ, ನ್ಯಾಷನಲ್ ಗ್ಯಾಲರಿ ಅದನ್ನು ಹಲವು ಪಟ್ಟು ಹೆಚ್ಚು ಬೆಲೆ ತೆತ್ತು ಕೊಂಡಿತು. ಖಾಲಿ ಮಹಲನ್ನು ಕೊಂಡವರು ಯಾರು? ಮಹರ್ಷಿ ಮಹೇಶ ಯೋಗಿಯವರ ಸಂಸ್ಥೆ! ಈ ಮುಜುಗರವೂ ಸೇರಿ 1980ರಲ್ಲಿ ರಾಷ್ಟ್ರೀಯ ಪರಂಪರೆ ಸ್ಮಾರಕ ನಿಧಿ ಸ್ಥಾಪನೆಯಾಯಿತು.

ಉಳಿಸುವುದೆಂದರೆ ಹೇಗೆ ಉಳಿಸುವುದು? ಸಸೆಕ್ಸಿನ ಅಪ್‌ಪಾರ್ಕ್‌ನಲ್ಲಿ 1989ರ ಆಗಸ್ಟ್ 30ರಂದು ಚಾವಣಿಯ ಸೀಸ ಬೆಸೆಯುತ್ತಿದ್ದ ಕೆಲಸಗಾರರ ಜ್ವಾಲೆಯಿಂದಲೇ ಬೆಂಕಿ ಹತ್ತಿತು, ರಿಪೇರಿ ಮುಗಿಯಲು ಕೆಲವೇ ದಿನ ಬಾಕಿಯಿದ್ದಾಗ. ಬೂದಿಯಲ್ಲಿ ಸಿಕ್ಕ ಚೂರುಗಳನ್ನು ಜೋಡಿಸಿ, ಮರೆತುಹೋಗಿದ್ದ ಗಾರೆ ಕೆಲಸವನ್ನು ಹೊಸದಾಗಿ ಕಲಿತು, ಬೆಂಕಿಯ ಹಿಂದಿನ ದಿನ ಹೇಗಿತ್ತೋ ಹಾಗೆ ಮಾಡಿ 1995ರಲ್ಲಿ ತೆರೆದರು. 2015ರಲ್ಲಿ ಸರ್ರೆಯ ಕ್ಲ್ಯಾಂಡನ್ ಪಾರ್ಕ್ ಸುಟ್ಟಾಗ ಮೊದಲು ಅದೇ ಮಾತು ಬಂತು, ಆದರೆ 2022ರಲ್ಲಿ ಟ್ರಸ್ಟ್ ಮನಸ್ಸು ಬದಲಿಸಿ, ಸುಟ್ಟ ಇಟ್ಟಿಗೆಯ ಗೋಡೆಗಳನ್ನು ಹಾಗೆಯೇ ಬಿಟ್ಟು ಮೇಲೆ ಸೂರು ಹಾಕಿ ತೋರಿಸುವುದೆಂದು ತೀರ್ಮಾನಿಸಿತು. ಇವೆರಡಕ್ಕಿಂತ ನನಗೆ ಹಿಡಿಸುವುದು ಡರ್ಬಿಶೈರಿನ ಕಾಲ್ಕ್ ಆ್ಯಬಿಯ ದಾರಿ. ಅಲ್ಲಿನ ಹಾರ್ಪರ್ ಕ್ರೂ ಮನೆತನದವರು ಜನರೊಡನೆ ಬೆರೆಯದ, ಒಂದು ಗುಂಡಿಯನ್ನೂ ಬಿಸಾಡದ ಜನ. ಒಬ್ಬ ಯಜಮಾನ ಹಕ್ಕಿಗಳಿಗೆ ಹುಲ್ಲು ತುಂಬಿಸಿ ಕೋಣೆಗಟ್ಟಲೆ ಇಟ್ಟ, ಎಸ್ಟೇಟಿನೊಳಗೆ ಮೋಟಾರು ಬರಗೊಡಲಿಲ್ಲ. ಕರೆಂಟ್ ಬಂದದ್ದೇ 1962ರಲ್ಲಿ. 1980ರ ದಶಕದಲ್ಲಿ ಟ್ರಸ್ಟ್ ಕೈಗೆ ಬಂದಾಗ ಪೆಟ್ಟಿಗೆಯೊಂದರಲ್ಲಿ ಹದಿನೆಂಟನೆಯ ಶತಮಾನದ ರಾಜಯೋಗ್ಯ ಮಂಚದ ಚೀನೀ ರೇಷ್ಮೆ ಸಿಕ್ಕಿತು. ಬಿಚ್ಚಿಯೇ ಇಲ್ಲದ್ದರಿಂದ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಟ್ರಸ್ಟ್ ಚಾವಣಿ, ಗೋಡೆ ಭದ್ರ ಮಾಡಿ ಅಲ್ಲಿಗೇ ಕೈ ಬಿಟ್ಟಿತು. ಕಿತ್ತುಬಂದ ಗೋಡೆಕಾಗದ, ಒಡೆದ ಕುರ್ಚಿಗಳ ರಾಶಿ ಇದ್ದಂತೆಯೇ ಇವೆ. ಗೇಣಿ ನಿಂತ ಮನೆ ಹೇಗಿರುತ್ತದೆಂದು ಸುಳ್ಳಿಲ್ಲದೆ ತೋರಿಸುವ ಜಾಗ ಅದು.

ಗೇಣಿಯೊಂದೇ ಎಲ್ಲ ಮನೆಗಳನ್ನೂ ಕಟ್ಟಲಿಲ್ಲ. ವೇಲ್ಸ್ ಗಡಿಯ ಪೊವಿಸ್ ಕೋಟೆಮನೆಯ ಮಗಳು ಹೆನ್ರಿಯೆಟ್ಟಾ, 1784ರಲ್ಲಿ ಅವಳನ್ನು ಮದುವೆಯಾದವನು ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್. ಸಾಲದಲ್ಲಿದ್ದ ಎಸ್ಟೇಟಿಗೆ ಬಂಗಾಳದ ದುಡ್ಡು ಹರಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಇದೇ ಎಡ್ವರ್ಡ್. ಮರುವರ್ಷ ಹೆನ್ರಿಯೆಟ್ಟಾ ಹೆಣ್ಣುಮಕ್ಕಳೊಡನೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿದಳು. ಟಿಪ್ಪುವಿನ ಹೂಬಳ್ಳಿಯ ಚೀಟಿಬಟ್ಟೆಯ ಡೇರೆ, ಅವನ ಸಿಂಹಾಸನದ ಒಂದು ಚಿನ್ನದ ಹುಲಿತಲೆ ಇಂದು ಪೊವಿಸ್‌ನಲ್ಲಿವೆ. ಆ ಡೇರೆಯನ್ನು ಮನೆಯವರು ತೋಟದ ಔತಣಗಳಿಗೆ ಎತ್ತಿ ಕಟ್ಟುತ್ತಿದ್ದರು. 2020ರಲ್ಲಿ ಟ್ರಸ್ಟ್ ತನ್ನ ವಶದಲ್ಲಿರುವ 93 ತಾಣಗಳಿಗೆ ವಸಾಹತು, ಗುಲಾಮಗಿರಿಗಳೊಡನೆ ನಂಟಿದೆಯೆಂದು ವರದಿ ಪ್ರಕಟಿಸಿದಾಗ ಅಲ್ಲಿನ ಕೆಲವು ಸಂಸದರು ಸಿಡಿದೆದ್ದರು. ಡರ್ಬಿಶೈರಿನ ಒಕ್ಕಲು ಕೊಟ್ಟ ಗೇಣಿಯ ಲೆಕ್ಕ ಬೇಕು, ಬಂಗಾಳದಿಂದ ಬಂದದ್ದರ ಲೆಕ್ಕ ಬೇಡ ಎಂದರೆ ಹೇಗೆ? ಪೊವಿಸ್‌ಗೆ ಬರುವವರಲ್ಲಿ ಬಹಳಷ್ಟು ಜನ ಅದರ ಮೆಟ್ಟಿಲು ಮೆಟ್ಟಿಲಾದ ತೋಟ, ಬೆಟ್ಟದಂತೆ ಬೆಳೆದ ಯೂ ಮರಗಳನ್ನು ನೋಡಲೆಂದು ಬರುತ್ತಾರೆ. ನಮ್ಮ ಕಡೆಯಿಂದ ಹೋದವರು ತೋಟವನ್ನು ಆಮೇಲೆ ನೋಡಿದರೂ ನಡೆದೀತು. ಕ್ಲೈವ್ ಮ್ಯೂಸಿಯಂ ಎಂಬ ಕೋಣೆಗೆ ಮೊದಲು ಹೋಗಿ, ಅಲ್ಲಿ ಯಾವ ವಸ್ತುವಿಗೆ ಏನು ವಿವರಣೆ ಬರೆದಿದ್ದಾರೆಂದು ನಿಂತು ಓದಬೇಕು.