ಊರ ಹೆಸರೂ ಮನೆತನದ ಹೆಸರೂ

ಮೈಸೂರು ನಗರದ ವಾಯವ್ಯಭಾಗದಲ್ಲಿ ವಿಜಯನಗರವೆಂಬ ಬಡಾವಣೆಯಿರುವುದು. ತುಂಗಭದ್ರೆಯ ದಡದಲ್ಲಿ ಮೆರೆದು 1565ರ ಯುದ್ಧದ ತರುವಾಯ ಹಾಳಾದ ರಾಜಧಾನಿಯ ಹೆಸರೇ ಅದರ ಹೆಸರು. ಅದೇ ಮೈಸೂರಿನ ಇನ್ನೊಂದು ಭಾಗದಲ್ಲಿರುವ ಕುವೆಂಪುನಗರಕ್ಕಾದರೋ ಕವಿಯೊಬ್ಬರ ಕಾವ್ಯನಾಮವು ಬಂದಿದೆ. ಆ ಕಾವ್ಯನಾಮದ ಮೊದಲ ಅಕ್ಷರವು ಮತ್ತೊಂದು ಊರಿನದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರು ಪದಗಳ ಆದ್ಯಕ್ಷರಗಳಿಂದ ‘ಕುವೆಂಪು’ ಎಂಬ ಅಂಕಿತವು ಉಂಟಾಯಿತೆಂಬುದು ಸರ್ವವಿದಿತ. ಹೀಗೆ ಮಲೆನಾಡಿನ ಕುಪ್ಪಳಿಯು ವ್ಯಕ್ತಿಯ ಹೆಸರನ್ನು ಸೇರಿ, ಆ ವ್ಯಕ್ತಿಯ ಹೆಸರು ಮೈಸೂರಿನಲ್ಲಿ ಪುನಃ ಸ್ಥಳದ ಹೆಸರಾಯಿತು. ಊರೂ ಮನುಷ್ಯನೂ ಒಂದೇ ಹೆಸರನ್ನು ಧರಿಸುವ ಈ ಪದ್ಧತಿಯ ಸ್ವರೂಪವನ್ನು ಅರಿಯದೆ ಕವಿಗಳ ಚರಿತ್ರೆಯನ್ನು ಬರೆಯಹೊರಟವರು ಹಲವು ವಿಧದ ಭ್ರಾಂತಿಗೆ ಗುರಿಯಾಗಬೇಕಾಗುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಮೊದಲು ಊರು, ಅನಂತರ ತಂದೆ, ಕೊನೆಯಲ್ಲಿ ತಾನು ಎಂಬುದು ಹೆಸರಿನ ಸಾಮಾನ್ಯ ಕ್ರಮ. ಇಲ್ಲಿ ಊರ ಹೆಸರು ಪ್ರಾಯಶಃ ಒಂದು ಮೊದಲಕ್ಷರದಲ್ಲಿ ಅಡಗಿರುತ್ತದೆ. ಉತ್ತರ ಕರ್ನಾಟಕದಲ್ಲಿಯೂ ಕರಾವಳಿಯ ಕೆಲವು ಸಮಾಜಗಳಲ್ಲಿಯೂ ಊರ ಹೆಸರು ಅಡ್ಡಹೆಸರಾಗಿ, ಗೋಕಾಕ, ಕಾರ್ನಾಡ ಎಂಬಂತೆ, ಹೆಸರಿನ ಕೊನೆಯಲ್ಲಿ ನಿಲ್ಲುವುದುಂಟು. ಮಾಲೂರು ತಾಲ್ಲೂಕಿನ ಮಾಸ್ತಿಯಾದರೋ ವೆಂಕಟೇಶ ಅಯ್ಯಂಗಾರ್ಯರ ನಿಜನಾಮವನ್ನೇ ಹಿಂದಿಕ್ಕಿದೆ. ‘ಮಾಸ್ತಿಯವರ ಕಥೆಗಳು’ ಎಂದಾಗ ಊರನ್ನು ನೆನೆಯುವವರು ವಿರಳ.

ಈ ಸ್ಥಳನಾಮವು ಜನ್ಮಸ್ಥಳವನ್ನು ಸೂಚಿಸುವುದೆಂಬ ಎಣಿಕೆಯೇ ಭ್ರಾಂತಿಗಳಲ್ಲಿ ಮೊದಲನೆಯದು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರಲ್ಲಿ ಜನಿಸಿದುದು ಮುಳಬಾಗಿಲಿನಲ್ಲಿ. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು 1884ರಲ್ಲಿ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದರು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದುದು ಸವಣೂರಿನಲ್ಲಿ. ಪುಟ್ಟಪ್ಪನವರು 1904ರಲ್ಲಿ, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮಸ್ಥಳವು ಮುದ್ದೇನಹಳ್ಳಿ. ಅವರ ಹೆಸರಿನ ಮೋಕ್ಷಗುಂಡವು ಇಂದಿನ ಆಂಧ್ರಪ್ರದೇಶದಲ್ಲಿದೆ. ಮೈಸೂರಿನಲ್ಲಿ ಬಹುಕಾಲ ನೆಲೆಸಿದ ಆಂಗ್ಲ ಕಾದಂಬರಿಕಾರರಾದ ಆರ್. ಕೆ. ನಾರಾಯಣರ ಹೆಸರಿನ ಮೊದಲಕ್ಷರವು ತಮಿಳುನಾಡಿನ ರಾಶಿಪುರವನ್ನು ಸೂಚಿಸುತ್ತದೆ. ಅವರು 1906ರಲ್ಲಿ ಹುಟ್ಟಿದುದು ಮದರಾಸಿನಲ್ಲಿ. ಇವನ್ನೆಲ್ಲ ಒಟ್ಟಿಗೆ ನೋಡಿದಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೆಸರಿನಲ್ಲಿರುವ ಊರು ವ್ಯಕ್ತಿಯು ಹುಟ್ಟಿದ ಊರೇ ಆಗಬೇಕಾಗಿಲ್ಲ. ಬಹುಮಟ್ಟಿಗೆ ಅದು ಮನೆತನದ ಹಿರಿಯರು ಬಿಟ್ಟುಬಂದ ಊರು. ಊರಿನಲ್ಲಿಯೇ ಇರುವವನನ್ನು ಆ ಊರ ಹೆಸರಿನಿಂದ ಗುರುತಿಸುವ ಆವಶ್ಯಕತೆ ನೆರೆಹೊರೆಯವರಿಗೆ ಇರುವುದಿಲ್ಲ. ಬೇರೆ ಕಡೆಗೆ ಹೋದ ಮೇಲೆಯೇ ಆ ಹೆಸರಿಗೆ ಪ್ರಯೋಜನ.

ಈ ಪ್ರವೃತ್ತಿಯು ಇಂದು ನಿನ್ನೆಯದಲ್ಲ. ಹಾನಗಲ್ಲಿನಲ್ಲಿಯೂ ಗೋವೆಯಲ್ಲಿಯೂ ಆಳಿದ ಕದಂಬರು ತಮ್ಮ ಶಾಸನಗಳಲ್ಲಿ ‘ಬನವಾಸೀಪುರವರಾಧೀಶ್ವರ’ರೆಂದು ಹೇಳಿಕೊಂಡರು. ರಾಷ್ಟ್ರಕೂಟರೂ ಸವದತ್ತಿಯ ರಟ್ಟರೂ ಲಟ್ಟಲೂರಿನ ಅಧೀಶ್ವರರೆಂಬ ಬಿರುದನ್ನು ಧರಿಸಿದ್ದರು. ಲಟ್ಟಲೂರೆಂಬುದು ಇಂದಿನ ಮಹಾರಾಷ್ಟ್ರದ ಲಾತೂರೆಂದು ಬಹುಮಂದಿ ವಿದ್ವಾಂಸರ ಮತ. ರಾಜಧಾನಿ ಬೇರೆಯಾದರೂ ಮೂಲಸ್ಥಾನದ ಹೆಸರು ಬಿರುದಿನಲ್ಲಿ ಉಳಿದುಬಂದಿತು. ಇಂತಹ ಬಿರುದು ವಂಶಸ್ಮೃತಿಗೆ ಆಧಾರವೇ ಹೊರತು ಆ ಊರು ಅವರ ಆಳ್ವಿಕೆಯಲ್ಲಿದ್ದಿತೆಂಬುದಕ್ಕೆ ಆಧಾರವಲ್ಲ.

ಮನುಷ್ಯನ ಹೆಸರು ಊರಿಗೆ ಬಂದುದಕ್ಕೂ ಪ್ರಾಚೀನ ನಿದರ್ಶನಗಳುಂಟು. ಅಮೋಘವರ್ಷ ನೃಪತುಂಗನ ಸಾಮಂತನಾದ ಬಂಕೇಯನ ಹೆಸರಿನಿಂದ ಬಂಕಾಪುರವಾಯಿತು. ಅವನ ಮಗನಾದ ಲೋಕಾದಿತ್ಯನು ತಂದೆಯ ಹೆಸರಿನ ಆ ಪಟ್ಟಣದಿಂದಲೇ ಆಳುತ್ತಿದ್ದ ಸಂಗತಿಯನ್ನು ‘ಉತ್ತರಪುರಾಣ’ದ ಪ್ರಶಸ್ತಿಯು ತಿಳಿಸುತ್ತದೆ.

ಹೆಸರೊಂದೇ ಆದಮಾತ್ರಕ್ಕೆ ಬಂಧುತ್ವವನ್ನು ಕಲ್ಪಿಸುವುದು ಎರಡನೆಯ ಭ್ರಾಂತಿ. ದೇಶಭಕ್ತರಾದ ಕಾರ್ನಾಡ ಸದಾಶಿವರಾಯರ ಹೆಸರಿನಲ್ಲಿಯೂ 1938ರಲ್ಲಿ ಮಾಥೇರಾನಿನಲ್ಲಿ ಜನಿಸಿದ ನಾಟಕಕಾರ ಗಿರೀಶ ಕಾರ್ನಾಡರ ಹೆಸರಿನಲ್ಲಿಯೂ ಇರುವುದು ಮೂಲ್ಕಿಯ ಬಳಿಯ ಕಾರ್ನಾಡೆಂಬ ಒಂದೇ ಊರು. ಇಷ್ಟರಿಂದ ಸಿದ್ಧವಾಗುವುದು ಊರಿನ ಸಂಬಂಧ ಮಾತ್ರ. ರಕ್ತಸಂಬಂಧಕ್ಕೆ ಬೇರೆ ಪ್ರಮಾಣಗಳು ಬೇಕು. ಸದಾಶಿವರಾಯರ ಹೆಸರು ಮುಂದೆ ಎರಡು ಬಗೆಯಲ್ಲಿ ಸ್ಥಳನಾಮವಾದುದು ಗಮನಾರ್ಹ. ಬೆಂಗಳೂರಿನ ಸದಾಶಿವನಗರದಲ್ಲಿ ಊರು ಬಿಟ್ಟುಹೋಗಿ ಅಂಕಿತನಾಮವು ಉಳಿಯಿತು, ಮಂಗಳೂರಿನ ಕೆ. ಎಸ್. ರಾವ್ ರಸ್ತೆಯಲ್ಲಿ ಅಂಕಿತನಾಮವೂ ಊರೂ ಒಂದೊಂದು ಅಕ್ಷರವಾಗಿ ಕುಗ್ಗಿದುವು.

ಸ್ಥಳಗಳ ವಿಷಯದಲ್ಲಿಯೂ ಇದೇ ಎಚ್ಚರವು ಬೇಕು. ಆಂಧ್ರದ ವಿಜಯನಗರಂ ಎಂಬ ಪಟ್ಟಣವು ಹಂಪೆಯ ವಿಜಯನಗರದ ಪ್ರತಿನಾಮವಲ್ಲ. ಪೂಸಪಾಟಿ ಮನೆತನದ ವಿಜಯರಾಮರಾಜನ ಹೆಸರಿನಿಂದ ಬಂದುದು. 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗಾದರೋ ಪ್ರಾಚೀನ ರಾಜಧಾನಿಯು ತನ್ನೊಳಗೇ ಇರುವುದರಿಂದ ಆ ಹೆಸರು ಸಹಜವಾದುದು. ‘ಗೋಕಾಕ’ ಶಬ್ದವೂ ಹೀಗೆಯೇ. ಗೋಕಾಕ ಜಲಪಾತವೆಂಬಲ್ಲಿ ಅದು ಊರು. 1980ರ ದಶಕದ ಆರಂಭದ ಗೋಕಾಕ ಚಳವಳಿಯೆಂಬಲ್ಲಿ ಅದು ಭಾಷಾಸಮಿತಿಯ ಅಧ್ಯಕ್ಷರಾಗಿದ್ದ ವಿದ್ವಾಂಸರು. ವಿದ್ಯಾರ್ಥಿಗಳಿಗೆ ಈ ಭೇದವನ್ನು ಬಿಡಿಸಿ ಹೇಳದಿದ್ದರೆ ಚಳವಳಿಯು ಆ ಊರಿನಲ್ಲಿ ಹುಟ್ಟಿತೆಂದು ಅವರು ಎಣಿಸುವುದು ಆಶ್ಚರ್ಯವಲ್ಲ.

ಮೊದಲಕ್ಷರಗಳನ್ನು ಬಿಡಿಸಿ ಬರೆಯುವ ವಾಡಿಕೆಯು ಈಗ ಕಡಿಮೆಯಾಗುತ್ತಿದೆ. ಸ್ವನಾಮ, ಕುಲನಾಮ ಎಂಬ ಎರಡೇ ಅಂಕಣಗಳಿರುವ ಅರ್ಜಿಗಳಲ್ಲಿ ತಂದೆಯ ಹೆಸರೋ ಬರಿಯ ಒಂದು ಅಕ್ಷರವೋ ಕುಲನಾಮದ ಸ್ಥಾನಕ್ಕೆ ಹೋಗಿ, ಊರು ಕಣ್ಮರೆಯಾಗುತ್ತದೆ. ಒಂದು ತಲೆಮಾರು ಕಳೆದರೆ ಆ ಅಕ್ಷರದ ಅರ್ಥವನ್ನು ಹೇಳಬಲ್ಲವರು ಮನೆಯಲ್ಲಿಯೂ ಉಳಿಯಲಾರರು. ಗ್ರಂಥಸೂಚಿಗಳನ್ನೂ ಕವಿಚರಿತೆಗಳನ್ನೂ ಸಿದ್ಧಪಡಿಸುವವರು ಮೊದಲಕ್ಷರಗಳ ಪೂರ್ಣರೂಪವನ್ನೂ ಜನ್ಮಸ್ಥಳವನ್ನೂ ಬೇರೆ ಬೇರೆಯಾಗಿ ನಮೂದಿಸುವುದು ಅತ್ಯವಶ್ಯಕ. ಹಾಗೆ ಮಾಡಿದಲ್ಲಿ ನಾಡಿನ ಮನೆತನಗಳು ಎಲ್ಲಿಂದ ಎಲ್ಲಿಗೆ ಸರಿದುಬಂದುವೆಂಬುದನ್ನು ತಿಳಿಯಲು ಅಗ್ಗವಾದ, ಆದರೂ ವಿಪುಲವಾದ ಸಾಮಗ್ರಿಯೊಂದು ಉಳಿದಂತಾಗುವುದು. ಕುವೆಂಪುನಗರದ ಹೆಸರಿನಲ್ಲಿ ಕುಪ್ಪಳಿಯ ಪಾಲಿಗೆ ಉಳಿದಿರುವುದು ಒಂದೇ ಅಕ್ಷರ. ಅದನ್ನು ಓದಬಲ್ಲವರು ಇರುವವರೆಗೆ ಮಾತ್ರ ಆ ಅಕ್ಷರದಲ್ಲಿ ಒಂದು ಊರು ಇರುವುದು.